ಕರಿಹಲಗೆಯೂ ಬೆಳಕಿನ ಹಲಗೆಯೂ

ಸಾಲೆಗೆ ಹೊಸ ಉಪಕರಣ ಬಂದಾಗಲೆಲ್ಲ ಹಿರಿಯ ಗುರುಗಳು ಹುಬ್ಬು ಗಂಟಿಕ್ಕುವದು ಇಂದು ನಿನ್ನೆಯ ಮಾತಲ್ಲ. ನಮ್ಮ ಮುತ್ತಜ್ಜಂದಿರು ಗಾಂವಠಿ ಸಾಲೆಯಲ್ಲಿ ಮರಳ ಮೇಲೆ ಬೆರಳಾಡಿಸಿ ಅಕ್ಷರ ಕಲಿತರು. ಅದರ ಮಗ್ಗುಲಲ್ಲಿಯೇ ಕಡತವಿತ್ತು. ಅರಿವೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕವದು. ಆ ಮೇಲೆ ಕಲ್ಲಿನ ಪಾಟಿ ಬಂತು, ಗೋಡೆಗೆ ಕರಿಹಲಗೆ ಬಂತು, ಅಚ್ಚಿನ ಪುಸ್ತಕ ಬಂತು. ಬರೆದುದನ್ನು ಅಂಗೈಯಿಂದ ಒರೆಸಿಬಿಡುವ ಪಾಟಿಯನ್ನು ಮೊದಲು ಕಂಡಾಗ, "ಇನ್ನು ಹುಡುಗರ ನೆನಪೂ ಹೀಗೆಯೇ ಒರೆಸಿಹೋದೀತು" ಎಂದು ಯಾರಾದರೊಬ್ಬ ಪಂತರು ಅಂದಿರಲಿಕ್ಕೂ ಸಾಕು. ಇಂದು ಅದೇ ಪಾಟಿಯನ್ನು ನಾವು ಹಳೆಯ ಒಳ್ಳೆಯ ಕಾಲದ ಗುರುತೆಂದು ಕೊಂಡಾಡುತ್ತೇವೆ.

ಈಗ ಸಾಲೆಯ ಬಾಗಿಲಲ್ಲಿ ಬೆಳಕಿನ ಹಲಗೆ ಬಂದು ನಿಂತಿದೆ. ಗೋಡೆಯ ಮೇಲೆ ಅದು ದೊಡ್ಡ ಪರದೆ, ಹುಡುಗನ ಕಿಸೆಯಲ್ಲಿ ಸಣ್ಣ ಫೋನು. "ಒಳಗೆ ಬಿಡಬೇಕೋ ಬೇಡವೋ" ಎಂಬ ಚರ್ಚೆಗೆ, ವಾಚಕರೇ, ಈಗ ಅರ್ಥ ಉಳಿದಿಲ್ಲ. ಅದು ಒಳಗೆ ಬಂದಾಗಿದೆ. ಉಳಿದಿರುವ ಪ್ರಶ್ನೆ ಒಂದೇ. ಅದರ ಮುಂದೆ ಕುಳಿತಾಗ ಕೆಲಸ ಮಾಡುವವರು ಯಾರು, ಯಂತ್ರವೋ ವಿದ್ಯಾರ್ಥಿಯೋ? ಈ ಒಂದು ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಸಾಲೆಗಳ ಅನುಭವದಿಂದ ಬಿಡಿಸಿ ನೋಡುವದು ನನ್ನ ಉದ್ದೇಶ.

ಯಂತ್ರವೆಂದರೆ ಬೆದರುವ ಸೀಮೆ ನಮ್ಮದಲ್ಲ. ಗೋಕಾಕದ ಹತ್ತಿರ ಘಟಪ್ರಭೆ ಸುಮಾರು ೧೭೦ ಅಡಿ ಕೆಳಗೆ ಧುಮುಕುತ್ತಾಳೆ. ಆ ನೀರಿನ ಬಲದಿಂದ ೧೮೮೭ರಲ್ಲಿಯೇ ಅಲ್ಲಿ ನೂಲಿನ ಗಿರಣಿ ಓಡಿತು. ಬೀಳುವ ನೀರಿನಿಂದ ವಿದ್ಯುತ್ತು ತೆಗೆಯುವ ಕಾರ್ಯ ನಮ್ಮ ದೇಶದಲ್ಲಿ ಬಹು ಮುಂಚೆ ನಡೆದ ಠಾವುಗಳಲ್ಲಿ ಅದೂ ಒಂದು. ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೀಪ ಉರಿಸುವವರೇ ಸಂಘದ ಸದಸ್ಯರಾಗಿ ಹಳ್ಳಿಹಳ್ಳಿಗೆ ತಂತಿ ಎಳೆಸಿದರು. ಗೋಕಾಕದಿಂದ ಬೇರೆಯಾಗಿ ೨೦೧೮ರಲ್ಲಿ ಸ್ವಂತ ತಾಲೂಕಾಗಿ ನಿಂತ ಮೂಡಲಗಿ ಇವುಗಳ ಕಿರಿಯ ತಂಗಿ. ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಆದರೆ ಗಿರಣಿಗೆ ಅಷ್ಟು ಬೇಗ ಬಂದ ಶಕ್ತಿ ಎಷ್ಟೋ ಸಾಲೆಗಳ ಕೋಣೆಯೊಳಗೆ ಬರುವಷ್ಟರಲ್ಲಿ ತಲೆಮಾರುಗಳೇ ಉರುಳಿದವು. ಇಂದಿಗೂ ಪರದೆಯ ಮೇಲೆ ಪಾಠ ರಂಗೇರಿದ ಹೊತ್ತಿಗೆ "ಸರ, ಕರೆಂಟ ಹೋತ್ರಿ" ಎಂಬ ಕೂಗು ಏಳುವದುಂಟು. ಆಗ ಗುರುವಿನ ಕೈ ತಾನಾಗಿಯೇ ಖಡುವಿನ ಕಡೆಗೆ ಹೋಗುತ್ತದೆ. ಯಂತ್ರ ತರುವವನು ಯಂತ್ರವಿಲ್ಲದ ಪಾಠವನ್ನೂ ಸಿದ್ಧಮಾಡಿಕೊಂಡು ಬರಬೇಕು, ಇದು ಮೊದಲನೆಯ ಸೂತ್ರ.

ದೂರದಿಂದ ಪಾಠ ಹೇಳುವ ಪ್ರಯತ್ನವೂ ಹೊಸದಲ್ಲ. ಧಾರವಾಡದ ಆಕಾಶವಾಣಿ ೧೯೫೦ರ ಜನವರಿ ೮ರಂದು ದನಿ ತೆರೆಯಿತು. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈ ವರೆಗೆ ಒಂದು ವರುಷ ಅಮೇರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠ ಬಂತು. ಕರ್ನಾಟಕದಲ್ಲಿ ಅದನ್ನು ಕಂಡವರು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಯವರು. ೨೦೦೪ರ ಸೆಪ್ಟಂಬರ ೨೦ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ನಮ್ಮವರೇ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಸಾಲೆಗಳು ಅದರ ಪಾಠ ಕೇಳಿದವು. ಅದೇ ದಶಕದಲ್ಲಿ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಎಂಬ ಬಾನುಲಿ ಪಾಠಗಳು ನಮ್ಮ ಮಕ್ಕಳನ್ನು ಕುಣಿಸಿದವು.

ಇವುಗಳಿಂದ ಕಲಿತದ್ದೇನು? ಪೆಟ್ಟಿಗೆ ಮಾತಾಡುವಾಗ ಮಕ್ಕಳು ಕಣ್ಣರಳಿಸಿ ಕೂಡುತ್ತಾರೆ, ನಿಜ. ಆದರೆ ಪೆಟ್ಟಿಗೆಗೆ ಕಿವಿಯಿಲ್ಲ. ಹಿಂದಿನ ಸಾಲಿನ ಹುಡುಗನ ಸಂಶಯ ತಿರುಗಿ ಅದಕ್ಕೆ ಮುಟ್ಟುವದಿಲ್ಲ. ಪೆಟ್ಟಿಗೆ ಸುಮ್ಮನಾದ ಮೇಲಿನ ಹತ್ತು ನಿಮಿಷ ಗುರುವು ಏನು ಕೇಳುತ್ತಾನೆ, ಹುಡುಗರಿಂದ ಏನು ಆಡಿಸುತ್ತಾನೆ ಎಂಬುದರ ಮೇಲೆ ಪಾಠ ನಿಲ್ಲುತ್ತಿತ್ತು. ಆ ಹತ್ತು ನಿಮಿಷ ಇದ್ದಲ್ಲಿ ಕಲಿಕೆಯಾಯಿತು, ಇಲ್ಲದಲ್ಲಿ ಮನರಂಜನೆಯಾಯಿತು.

೨೦೨೦ರ ಮಾರ್ಚಿನಲ್ಲಿ ರೋಗದ ಕಾರಣದಿಂದ ಸಾಲೆಗಳು ಮುಚ್ಚಿದಾಗ ಈ ಪಾಠ ನಮಗೆ ಕಠಿಣವಾಗಿ ತಿಳಿಯಿತು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟಿನಲ್ಲಿ 'ವಿದ್ಯಾಗಮ'ವೆಂದು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆಳಲುಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂಡಿಸಿದೆವು; ಅದೂ ಅಕ್ಟೋಬರದಲ್ಲಿ ನಿಂತಿತು. ಉಳಿದದ್ದು ಫೋನು. ಕಾಗದದ ಮೇಲೆ ಲೆಕ್ಕ ಹಾಕಿದರೆ ಬಹಳ ಮನೆಗಳಲ್ಲಿ ಫೋನು ಇತ್ತು. ಆದರೆ ಮನೆಯಲ್ಲಿ ಇರುವದು ಬೇರೆ, ಮಗುವಿನ ಕೈಯಲ್ಲಿ ಇರುವದು ಬೇರೆ. ಹಗಲೆಲ್ಲ ಅದು ಅಪ್ಪನ ಅಂಗಿಯ ಕಿಸೆಯಲ್ಲಿ ಕಬ್ಬಿನ ಗದ್ದೆಗೆ, ಟ್ರ್ಯಾಕ್ಟರಿನ ಸಂಗಡ ಸಕ್ಕರೆ ಕಾರಖಾನೆಗೆ ಹೋಗಿರುತ್ತಿತ್ತು. ಸಂಜೆ ಮನೆಗೆ ಬಂದರೆ ಮೊದಲು ಅಣ್ಣನ ಪಾಲು, ಉಳಿದರೆ ತಂಗಿಯ ಪಾಲು.

ಹಿಡಕಲ್ ಜಲಾಶಯದ ಕಡೆಯ ಒಂದು ಹಳ್ಳಿಯ ಹುಡುಗಿ ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ತಂದೆ ಕಬ್ಬು ಕಡಿಯುವ ಗ್ಯಾಂಗಿನವನು. ಫೋನು ಮನೆಗೆ ಬರುವದು ರಾತ್ರಿ ಒಂಬತ್ತಕ್ಕೆ. ಬೆಳಗಿನ ಹನ್ನೊಂದಕ್ಕೆ ಪರದೆಯ ಮೇಲೆ ಮೂಡಿ ಮಾಯವಾಗುವ ಪಾಠ ಇಂಥವಳಿಗೆ ಯಾವ ಉಪಯೋಗಕ್ಕೆ? ಅದಕ್ಕಾಗಿ ಆರೇಳು ನಿಮಿಷದ ದನಿಪಾಠಗಳನ್ನು ನುಡಿದು ಕಳಿಸುವ ಏರ್ಪಾಡು ಮಾಡಿದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರಿಯ ದನಿ. ರೇಂಜು ಕಡಿಮೆಯಿದ್ದಲ್ಲಿಯೂ ಇಳಿಯುತ್ತದೆ, ಹೊತ್ತು ಸಿಕ್ಕಾಗ ಕೇಳಬಹುದು, ತಿಳಿಯದಿದ್ದರೆ ಮತ್ತೊಮ್ಮೆ ಕೇಳಬಹುದು. ಪ್ರತಿ ಪಾಠದ ಕೊನೆಗೆ ಒಂದೇ ಪ್ರಶ್ನೆ. ಉತ್ತರವನ್ನೂ ದನಿಯಲ್ಲಿಯೇ ಕಳಿಸಬೇಕು. ವರ್ಗದಲ್ಲಿ ಹೆಸರು ಕೂಗಿದರೆ "ಹಾಜರ" ಎನ್ನಲಿಕ್ಕೂ ತಲೆ ತಗ್ಗಿಸುತ್ತಿದ್ದ ಆ ಹುಡುಗಿಯಿಂದ ರಾತ್ರಿ ಹತ್ತು ಗಂಟೆಗೆ ಎರಡು ನಿಮಿಷದ ಉತ್ತರ ಬರತೊಡಗಿತು. ಹಿಂದೆ ಒಲೆಯ ಸಪ್ಪಳ, ದನದ ಗಂಟೆ, ನಡುವೆ ಅವಳ ಖಚಿತವಾದ ಮಾತು. ಯಾರೂ ನೋಡದ ಕಡೆ, ನಾಲ್ಕು ಸಲ ತಿದ್ದಿಕೊಂಡು ಮಾತಾಡುವ ಅವಕಾಶ ಅವಳಿಗೆ ಅದೇ ಮೊದಲ ಸಲ ದೊರೆತಿತ್ತು. ಸಾಲೆ ತೆರೆದ ಮೇಲೆ ಅವಳು ವರ್ಗದಲ್ಲಿಯೂ ಎದ್ದು ನಿಂತು ಮಾತಾಡಿದಳು. ೨೦೨೨ರಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಮುಂದೆ ಓದಲು ಹೋದಳು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಅದೇ ವರ್ಗದ ಮೂವರು ಸಾಲೆ ತೆರೆದ ಮೇಲೆ ಮರಳಿ ಬರಲಿಲ್ಲ. ಇಬ್ಬರು ಹುಡುಗರು ದುಡಿಮೆಗೆ ಹತ್ತಿದ್ದರು, ಒಬ್ಬ ಹುಡುಗಿಯ ಮದುವೆಯ ಮಾತು ಮುಗಿದುಹೋಗಿತ್ತು. ಅವರ ಮನೆಗಳಲ್ಲಿಯೂ ಫೋನು ಇತ್ತು. ದನಿಪಾಠಗಳು ಅಲ್ಲಿಗೂ ಹೋಗಿ ಇಳಿದಿದ್ದವು. ಮುಟ್ಟಿದೆಯೆಂದು ಯಂತ್ರ ಗುರುತು ತೋರಿಸುತ್ತಿತ್ತು. ಮಗು ಕೈತಪ್ಪಿ ಹೋಗುತ್ತಿದೆಯೆಂದು ತೋರಿಸುವ ಗುರುತು ಅದರಲ್ಲಿ ಇರಲಿಲ್ಲ. ಅದನ್ನು ತಿಳಿಯಲು ಮನೆಯ ಕಟ್ಟೆಯ ಮೇಲೆ ಹೋಗಿ ಕೂತು ಅವ್ವ ಅಪ್ಪನ ಸಂಗಡ ಮಾತಾಡುವದೊಂದೇ ಹಾದಿ.

ಇನ್ನು ವರ್ಗದೊಳಗೆ ಬರೋಣ. ಕನ್ನಡ ಕಲಿಸುವವನಿಗೆ ಯಂತ್ರದಿಂದ ಏನು ಕೆಲಸವೆಂದು ಗಣಿತ, ವಿಜ್ಞಾನದ ಗೆಳೆಯರು ಕೇಳುವದುಂಟು. ಛಂದಸ್ಸನ್ನೇ ತೆಗೆದುಕೊಳ್ಳಿರಿ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ. ದೀರ್ಘ ಗುರುವಾಗುವದು ಅವರಿಗೆ ತಿಳಿಯುತ್ತದೆ. ಒತ್ತಕ್ಷರದ ಹಿಂದಿನದು ಏಕೆ ಗುರು ಎಂಬುದು ತಿಳಿಯುವದಿಲ್ಲ. ಪುಸ್ತಕ ಹೇಳಿದೆ, ಆದ್ದರಿಂದ ಗುರು, ಅಷ್ಟೇ.

ದನಿಯನ್ನು ಅಲೆಯ ಗೆರೆಯಾಗಿ ತೋರಿಸುವ ಸಾಧನ ಈಗ ಸಾಧಾರಣ ಫೋನಿನಲ್ಲಿಯೂ ಸಿಗುತ್ತದೆ. ಒಬ್ಬ ಹುಡುಗನಿಗೆ "ಕತೆ" ಎನ್ನಲು ಹೇಳಿದೆ, ಬಳಿಕ "ಕತ್ತೆ" ಎನ್ನಲು ಹೇಳಿದೆ. ವರ್ಗವೆಲ್ಲ ನಕ್ಕಿತು. ಎರಡೂ ಗೆರೆಗಳು ಪರದೆಯ ಮೇಲೆ ಒಂದರ ಕೆಳಗೊಂದು ಮೂಡಿದವು. ಎರಡನೆಯದರಲ್ಲಿ ಎರಡು ಗುಡ್ಡಗಳ ನಡುವೆ ಉದ್ದನ್ನ ಬಯಲು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ, ಅಲ್ಲಿ ಸಪ್ಪಳನ ಇಲ್ಲಲ್ರಿ. ಮತ್ತ ಮಾತ್ರೆ ಎಲ್ಲಿಂದ ಬಂತ್ರಿ?" ಎಂಥ ಪ್ರಶ್ನೆ! ನಾಲಿಗೆ ಹಲ್ಲಿನ ಬುಡಕ್ಕೆ ಹತ್ತಿ ತಡೆದು ನಿಲ್ಲುವ ಆ ಸುಮ್ಮನಿರುವ ಹೊತ್ತೇ ಎರಡನೆಯ ಮಾತ್ರೆ. ಸಪ್ಪಳವಿಲ್ಲದ್ದನ್ನೂ ಎಣಿಸಿ ಲೆಕ್ಕಕ್ಕೆ ಹಿಡಿದ ನಮ್ಮ ಹಳೆಯ ಲಾಕ್ಷಣಿಕರ ಕಿವಿ ಎಷ್ಟು ಸೂಕ್ಷ್ಮವಾಗಿದ್ದೀತು! ಅಂದು ಹುಡುಗರು ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಯನ್ನು ತಾವೇ ನುಡಿದು, ಚಪ್ಪಾಳೆ ತಟ್ಟಿ, ಗೆರೆ ನೋಡಿ ಒರೆಗೆ ಹಚ್ಚಿದರು. ಮೊದಲಿನ ಎರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು, ಮೂರನೆಯದಕ್ಕೆ ಇಪ್ಪತ್ಮೂರು. ಎಣಿಕೆ ಕಿವಿಯಿಂದ ಬಂತು, ಗೈಡಿನಿಂದಲ್ಲ. ಗಮನಿಸಿರಿ, ಯಂತ್ರ ಇಲ್ಲಿ ಉತ್ತರ ಕೊಡಲಿಲ್ಲ, ಪ್ರಶ್ನೆ ಹುಟ್ಟಿಸಿತು.

ಮಾತನ್ನು ಕೇಳಿ ತಾನೇ ಬರೆಯುವ ವಿದ್ಯೆಯೂ ಫೋನಿಗೆ ಬಂದಿದೆ. ಒಂದು ದಿವಸ ಮೂಡಲಗಿ ಕಡೆಯ ಹುಡುಗಿಯೊಬ್ಬಳು ಅದರ ಮುಂದೆ, "ನಮ್ಮವ್ವ ಹೊಲಕ್ಕ ಹೋಗ್ಯಾಳ, ನಾ ರೊಟ್ಟಿ ಬಡ್ಯಾಕತ್ತೀನಿ" ಎಂದಳು. ಯಂತ್ರ ತಡವರಿಸಿತು, ಕೊನೆಯ ಶಬ್ದವನ್ನು ಎರಡು ತುಂಡು ಮಾಡಿ ಅರ್ಥವಿಲ್ಲದ್ದನ್ನು ಬರೆಯಿತು. ಹುಡುಗಿ ನಾಚಿ, "ನನ್ನ ಕನ್ನಡನ ಸುಮಾರ ಐತ್ರಿ" ಎಂದಳು. ಇದು ನಗುವ ಮಾತಲ್ಲ. ತನ್ನ ತಾಯಿಯ ಮಾತು ಕೀಳೆಂದು ಯಂತ್ರ ತೀರ್ಪು ಕೊಟ್ಟಿತೆಂದು ಆ ಮಗು ತಿಳಿದಿತ್ತು. ಅಂದಿನ ವ್ಯಾಕರಣ ಪಾಠ ಅದೇ ಆಯಿತು. "ಮಾಡಲಿಕ್ಕೆ ಹತ್ತಿದ್ದೇನೆ" ಎಂಬುದು ಸವೆದು "ಮಾಡಾಕತ್ತೀನಿ" ಆಗಿದೆ; "ಬಡ್ಯಾಕತ್ತೀನಿ" ಎಂಬುದೂ ಹಾಗೆಯೇ. ಪೂರ್ಣ ಕುಲವುಳ್ಳ, ನಿಯಮವುಳ್ಳ ಕ್ರಿಯಾಪದವದು. ಆ ಶಬ್ದ ಗೊತ್ತಿಲ್ಲದ್ದು ಯಂತ್ರದ ಕೊರತೆ, ನಿನ್ನದಲ್ಲ ಎಂದು ಹಲಗೆಯ ಮೇಲೆ ಬಿಡಿಸಿ ತೋರಿಸಬೇಕಾಯಿತು. ಗ್ರಂಥಭಾಷೆಯನ್ನು ಕಲಿಯಬೇಕು, ಸಂಶಯವಿಲ್ಲ. ಆದರೆ ಮನೆಮಾತನ್ನು ಹಳಿದು ಕಲಿಯಬೇಕಾಗಿಲ್ಲ.

ಈ ಸೀಮೆಯ ಸಾಹಿತ್ಯವನ್ನು ಮಕ್ಕಳ ಕಿವಿಗೆ ಮುಟ್ಟಿಸುವದಕ್ಕಂತೂ ಇದರಷ್ಟು ಒಳ್ಳೆಯ ಸಾಧನವಿಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 'ಆನಂದಕಂದ' ಬೆಟಗೇರಿ ಕೃಷ್ಣಶರ್ಮರು ೧೯೦೦ರಲ್ಲಿ ಹುಟ್ಟಿದರು. ಅದೇ ತಾಲೂಕಿನ ಮಲಾಮರಡಿಯಲ್ಲಿ ೧೯೧೯ರಲ್ಲಿ ಬಸವರಾಜ ಕಟ್ಟೀಮನಿಯವರು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಕಂಬಾರರು ತಮ್ಮ ಹಾಡುಗಳನ್ನು ತಾವೇ ಹಾಡಿದ್ದನ್ನು ಕೇಳಿಸಿದಾಗ ಹುಡುಗರ ಮೋರೆ ನೋಡಬೇಕು. ಜ್ಞಾನಪೀಠದ ಕವಿಯ ದನಿಯಲ್ಲಿ ತಮ್ಮೂರಿನ ಧಾಟಿ! ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೆಸರಾದ ತಮ್ಮಣ್ಣನ ಕುಲಗೋಡ ಮೂಡಲಗಿಯ ಮಗ್ಗುಲದ ಊರು. ಕೌಜಲಗಿ ನಿಂಗಮ್ಮನ ಹೆಸರನ್ನು ಅಜ್ಜಂದಿರು ಇನ್ನೂ ನೆನೆಯುತ್ತಾರೆ. ಅಂಥ ಅಜ್ಜಂದಿರ ಹತ್ತಿರ ಹೋಗಿ ಪಾರಿಜಾತದ ಪದ, ಬೀಸುವ ಹಾಡು, ಹಂತಿಯ ಹಾಡು ಯಾವದಾದರೂ ಸರಿ, ಅಪ್ಪಣೆ ಕೇಳಿ ಫೋನಿನಲ್ಲಿ ಹಿಡಿದು ತರಲು, ಮತ್ತು ಕೇಳಿ ಕೇಳಿ ಬರೆದುಕೊಳ್ಳಲು ಹುಡುಗರಿಗೆ ಹೇಳುತ್ತೇನೆ. ಬರೆಯುವಾಗ ತಿಳಿಯದ ಶಬ್ದಕ್ಕೆ ಮೊದಲು ಅಜ್ಜಿಯನ್ನು ಕೇಳಬೇಕು, ಆ ಮೇಲೆ ನಿಘಂಟನ್ನು ನೋಡಬೇಕು. ೧೮೯೪ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲ್ಲರ ದಪ್ಪ ನಿಘಂಟು ಇಂದು ಫೋನಿನಲ್ಲಿಯೇ ಸಿಗುತ್ತದೆ. ಅಜ್ಜಿಗೆ ಗೊತ್ತಿದ್ದು ನಿಘಂಟಿನಲ್ಲಿ ಇಲ್ಲದ ಶಬ್ದ ಸಿಕ್ಕ ದಿವಸ ಆ ಹುಡುಗ ರಾಜನಾಗುತ್ತಾನೆ.

ಬರೆದಿಟ್ಟದ್ದು ಹೋದರೂ ಉಳಿಯುವದು ಯಂತ್ರದ ಇನ್ನೊಂದು ಗುಣ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕದ ಓಣಿಗಳೊಳಗೆ ನೀರು ನುಗ್ಗಿತು. ದಪ್ತರ ತೊಯ್ದು ಮುದ್ದೆಯಾದ ಮಕ್ಕಳಿಗೆ ಪಠ್ಯಪುಸ್ತಕದ ಪುಟಗಳನ್ನು ಸರಕಾರದ ಜಾಲತಾಣದಿಂದ ಇಳಿಸಿ ಓದಿಸಲು ಸಾಧ್ಯವಿತ್ತು. ೨೦೧೭ರಲ್ಲಿ ಬಂದ 'ದೀಕ್ಷಾ' ಎಂಬ ವ್ಯವಸ್ಥೆಯ ಕಪ್ಪು-ಬಿಳಿ ಚೌಕದ ಗುರುತುಗಳನ್ನು ಪುಸ್ತಕದ ಪುಟದಲ್ಲಿಯೇ ಅಚ್ಚು ಮಾಡಿದ್ದಾರೆ. ಅದರ ಮೇಲೆ ಫೋನು ಹಿಡಿದರೆ ಪಾಠ ತೆರೆಯುತ್ತದೆ.

ಈಗ ಎಲ್ಲಕ್ಕೂ ಕಠಿಣವಾದ ವಿಷಯಕ್ಕೆ ಬರುತ್ತೇನೆ. ೨೦೨೨ರ ಕೊನೆಯಿಂದ ಈಚೆಗೆ ಕೇಳಿದ್ದನ್ನೆಲ್ಲ ತಾನೇ ಬರೆದುಕೊಡುವ ಯಂತ್ರಬುದ್ಧಿ ಬಂದಿದೆ. 'ನಮ್ಮೂರ ಜಾತ್ರೆ' ಎಂಬ ಪ್ರಬಂಧ ಬರೆದು ತರಲು ಹೇಳಿದಾಗ ನಾಲ್ಕು ವಹಿಗಳಲ್ಲಿ ಒಂದೇ ಅಚ್ಚಿನ ಪ್ರಬಂಧ ಬಂತು. ಕಾಗುಣಿತದ ತಪ್ಪಿಲ್ಲ, ವಾಕ್ಯ ನೆಟ್ಟಗೆ. ಸಂಸ್ಕೃತಿ, ಪರಂಪರೆ, ಸಾಮರಸ್ಯ ಎಲ್ಲ ಶಬ್ದಗಳೂ ಇವೆ. ಇಲ್ಲದ್ದು ಜಾತ್ರೆ ಮಾತ್ರ. ಒಬ್ಬನನ್ನು ಕರೆದು, "ನಿಮ್ಮೂರ ತೇರಿನ ಹಗ್ಗಾ ಯಾರ ಮನ್ಯಾಗ ಇಡತಾರಪಾ?" ಎಂದು ಕೇಳಿದೆ. ಹುಡುಗ ಕಣ್ಣರಳಿಸಿ ಶುರು ಮಾಡಿದ. ಹಗ್ಗ ಹೊಸೆಯುವ ಮನೆತನ ಯಾವದು, ತೇರಿನ ಗಾಲಿ ಹೂತಾಗ ಯಾರನ್ನು ಕರೆಯಬೇಕು, ಅವನ ಸೋದರಮಾವ ಎಸೆದ ಉತ್ತತ್ತಿ ಎಲ್ಲಿ ಹೋಗಿ ಬಿತ್ತು, ಹತ್ತು ನಿಮಿಷ ನಿಲ್ಲಲಿಲ್ಲ. "ಇದನ್ನ ಯಾಕ ಬರೀಲಿಲ್ಲೋ?" ಎಂದೆ. ಅವನು ಹೇಳಿದ್ದು: "ಇಂಥಾದ್ದೆಲ್ಲಾ ಪ್ರಬಂಧಕ್ಕ ನಡೀತೈತೇನ್ರಿ ಸರ?"

ವಾಚಕರೇ, ಈ ಮಾತಿನ ಮುಂದೆ ಯಂತ್ರವನ್ನು ಬೈಯುವದು ನ್ಯಾಯವಲ್ಲ. ಯಂತ್ರ ಬರುವ ಮೊದಲು ಗೈಡು ಇತ್ತು. ಗೈಡಿಗೆ ಮೊದಲು ಫಲಕದ ಮೇಲೆ ಬರೆಸಿ ಬಾಯಿಪಾಠ ಮಾಡಿಸುವ ಪದ್ಧತಿ ಇತ್ತು. ಕಂಡದ್ದು ಬರೆದರೆ ಅಂಕ ಬೀಳುವದಿಲ್ಲ, ಯಾರೋ ಬರೆದದ್ದೇ ಶುದ್ಧ ಎಂಬ ನಂಬಿಕೆಯನ್ನು ಸಾಲೆಗಳು ಬಹು ಕಾಲದಿಂದ ಬಿತ್ತುತ್ತ ಬಂದಿವೆ. ಆ ಬೆಳೆಯನ್ನು ಯಂತ್ರ ಕೊಯ್ಯುತ್ತಿದೆ, ಅಷ್ಟೇ. ಇದಕ್ಕೆ ಉಪಾಯ ಪ್ರಶ್ನೆಯನ್ನು ಬದಲಿಸುವದು. ಯಂತ್ರಕ್ಕೆ ಗೊತ್ತಿರದ್ದನ್ನು, ಹುಡುಗನ ಕಣ್ಣು ಕಿವಿಗಳಿಗೆ ಮಾತ್ರ ಗೊತ್ತಿರುವದನ್ನು ಕೇಳಬೇಕು. ಇನ್ನೊಂದು ಉಪಾಯವನ್ನು ಹುಡುಗರು ಬಹಳ ಮೆಚ್ಚಿದ್ದಾರೆ. ಯಂತ್ರ ಬರೆದ ಪ್ರಬಂಧವನ್ನು ಬೆಳಕಿನ ಹಲಗೆಯ ಮೇಲೆ ಹಚ್ಚಿ, ಕೆಂಪು ಶಾಯಿಯ ಪೆನ್ನನ್ನು ಹುಡುಗರ ಕೈಗೆ ಕೊಡುವದು. ಇದರಲ್ಲಿ ಸುಳ್ಳೆಷ್ಟು, ಟೊಳ್ಳೆಷ್ಟು, ಯಾವ ವಾಕ್ಯ ತೆಗೆದರೂ ಏನೂ ಕಡಿಮೆಯಾಗುವದಿಲ್ಲ ಎಂದು ಅವರೇ ಹುಡುಕಬೇಕು. ಗುರುವಾಗಿ ತಿದ್ದುವವನು ನಕಲು ಮಾಡುವದನ್ನು ತಾನೇ ಬಿಡುತ್ತಾನೆ.

ಹುಡುಗರು ಫೋನನ್ನು ಏತಕ್ಕೆ ಬಳಸುತ್ತಾರೆಂಬುದನ್ನೂ ಕಣ್ಣು ತೆರೆದು ನೋಡಬೇಕು. ೨೦೨೪ರ ಅಸರ್ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ೧೪ರಿಂದ ೧೬ ವರ್ಷದವರ ಪೈಕಿ ನೂರಕ್ಕೆ ಸುಮಾರು ೯೦ ಜನರ ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ. ಬಳಸಬಲ್ಲವರಲ್ಲಿ ವಾರದೊಳಗೆ ಓದಿಗಾಗಿ ಬಳಸಿದವರು ನೂರಕ್ಕೆ ೫೭. ಸಾಮಾಜಿಕ ಜಾಲದ ಹರಟೆಗೆ ಬಳಸಿದವರು ನೂರಕ್ಕೆ ೭೬. ಯಂತ್ರ ಕಾವಲುಗಾರನೂ ಆಗಬಲ್ಲದು. ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೋಣೆಗಳಿಗೆ ಕ್ಯಾಮರಾ ಬಂತು. ಹಿಂದಿನ ವರ್ಷ ರಾಜ್ಯದಲ್ಲಿ ನೂರಕ್ಕೆ ೮೩.೮೯ ಇದ್ದ ತೇರ್ಗಡೆ ಆ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ, ೭೩.೪೦ಕ್ಕೆ ಇಳಿಯಿತು. ಕ್ಯಾಮರಾ ನಕಲನ್ನು ತಡೆಯಬಲ್ಲದು. ಒಂದು ಅಕ್ಷರವನ್ನು ಕಲಿಸಲಾರದು. ತಡೆದ ಮೇಲೆ ಕಲಿಸುವ ಹೊಣೆ ನಮ್ಮ ಮೇಲೆಯೇ ಬಂದು ನಿಲ್ಲುತ್ತದೆ.

ಕೊನೆಗೆ ಗುರುಬಂಧುಗಳಿಗೂ ತಾಯಿ-ತಂದೆಗಳಿಗೂ ನಾಲ್ಕು ಮಾತು. ಮೊದಲನೆಯದು, ಫೋನಿಲ್ಲದ ಮಗುವಿಗೆ ಮಾಡಲಾಗದ ಮನೆಗೆಲಸವನ್ನು ಯಾವ ಗುರುವೂ ಕೊಡಬಾರದು. ವರ್ಗಕ್ಕೆ ಒಂದು ಯಂತ್ರವಿದ್ದರೆ ಸಾಕು, ಅದರ ಸುತ್ತ ಎಲ್ಲರೂ ಕೂಡಬಹುದು. ಎರಡನೆಯದು, ಯಂತ್ರ ತೆರೆಯುವ ಮೊದಲು ಹುಡುಗರ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು, ಮುಚ್ಚಿದ ಮೇಲೆ ಅವರ ಬಾಯಲ್ಲಿ ಒಂದು ಉತ್ತರ ಇರಬೇಕು. ಮೂರನೆಯದು, ಮನೆಯಲ್ಲಿ ಮಗನಿಗೆ ಕೊಡುವಷ್ಟೇ ಹೊತ್ತು ಮಗಳಿಗೂ ಫೋನು ಕೊಡಿರಿ. ಕೊಡುವಾಗ ಇಬ್ಬರ ಮಗ್ಗುಲಲ್ಲಿಯೂ ಒಂದಿಷ್ಟು ಕುಳಿತುಕೊಳ್ಳಿರಿ. ನಾಲ್ಕನೆಯದು, ಮಗು ಇಂದು ಏನು ನೋಡಿತೆಂದು ಕೇಳುವದಕ್ಕಿಂತ, ನೋಡಿದ್ದನ್ನು ತನ್ನ ಮಾತಿನಲ್ಲಿ ಹೇಳಲು ಹಚ್ಚಿರಿ. ಓದು ಬಾರದ ಅವ್ವನೂ ಈ ಪರೀಕ್ಷೆಯನ್ನು ಒಲೆಯ ಮುಂದೆ ಕೂತು ತೆಗೆದುಕೊಳ್ಳಬಲ್ಲಳು.

ಮಾತಾಡುವ ಯಂತ್ರಗಳು ಇನ್ನೂ ಬಂದಾವು, ಇವಕ್ಕಿಂತ ಜಾಣವಾದವು ಬಂದಾವು. ಬರಲಿ. ಹಿಂದಿನ ಬೆಂಚಿನ ಹುಡುಗನು ಎದ್ದು ನಿಂತು, "ಸಪ್ಪಳನ ಇಲ್ಲಲ್ರಿ, ಮಾತ್ರೆ ಎಲ್ಲಿಂದ ಬಂತ್ರಿ?" ಎಂದು ಕೇಳುವವರೆಗೆ ಸಾಲೆಗೆ ಯಾವ ಭಯವೂ ಇಲ್ಲ. ಅವನು ಕೇಳುವಂತೆ ಮಾಡುವದು, ಕೇಳಿದಾಗ ಅವನ ಕಡೆಗೆ ತಿರುಗಿ ನೋಡುವದು, ಇದು ಗುರುವಿನ ಕೆಲಸ. ಇದನ್ನು ಯಾವ ಹಲಗೆಗೂ ಒಪ್ಪಿಸಿಕೊಡಲು ಬರುವದಿಲ್ಲ.